ಬೆವರು ಆರುವ ತನಕ

ಸಕಲೇಶಪುರದ ಕಡೆಯ ಹಾನುಬಾಳಿನ ಸುತ್ತಮುತ್ತ ನಿನ್ನೆ ಎಷ್ಟು ಮಳೆಯಾಯಿತೆಂದು ಯಾರಿಗಾದರೂ ವಾದ ಬಿದ್ದರೆ ಅವರು ಟಿ.ವಿ. ಹಾಕಿ ನೋಡುವುದಿಲ್ಲ, ರೈಟರ್ ಕೃಷ್ಣಪ್ಪನಿಗೆ ಫೋನ್ ಮಾಡುತ್ತಾರೆ. ಮೂವತ್ತೊಂದು ವರ್ಷದಿಂದ ಅವನು ಒಂದೇ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಬೆಳಿಗ್ಗೆ ಏಳೂವರೆಗೆ, ಆಳುಗಳ ಹಾಜರಿ ಕೂಗುವುದಕ್ಕೂ ಮೊದಲು, ಬಂಗಲೆಯ ಹಿಂದಿನ ಬಯಲಿಗೆ ಹೋಗಿ ಮಳೆ ಅಳೆಯುವ ಡಬ್ಬದ ನೀರನ್ನು ಗಾಜಿನ ಅಳತೆಗೆ ಬಗ್ಗಿಸುತ್ತಾನೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಇಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟು ಎಂದು ಪುಸ್ತಕಕ್ಕೆ ಬರೆಯುತ್ತಾನೆ. ಮಳೆಯಿಲ್ಲದ ದಿನವೂ ಬಿಡುವುದಿಲ್ಲ, ಸೊನ್ನೆ ಬರೆಯುತ್ತಾನೆ. ತನ್ನ ಮದುವೆಯ ದಿನವೂ ‘ಧಾರೆ ಹತ್ತಕ್ಕೆ ತಾನೆ’ ಎಂದು ಅಳೆದು ಬರೆದಿಟ್ಟೇ ಜೀಪು ಹತ್ತಿದವನು. ಹೆಂಡತಿ ವಿಶಾಲಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಅಂಥ ಪುಸ್ತಕದಲ್ಲಿ ಮೊನ್ನೆ ಮೊನ್ನೆಯವರೆಗೆ ಒಂದೇ ಒಂದು ತಾರೀಖು ಖಾಲಿ ಇತ್ತು. ನಾಲ್ಕು ವರ್ಷದ ಹಿಂದಿನ ಡಿಸೆಂಬರಿನ ಒಂದು ಭಾನುವಾರ. ಆ ದಿನ ಕೃಷ್ಣಪ್ಪ ಮಂಗಳೂರಿನಲ್ಲಿದ್ದ, ತಮ್ಮ ರವಿಚಂದ್ರನ ಜೊತೆಯಲ್ಲಿ.

ರವಿ ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು. ಹಾನುಬಾಳಿನಿಂದ ವನಗೂರಿನ ಕಡೆಗೆ ಆಳುಗಳನ್ನೂ ಸಾಮಾನನ್ನೂ ಸಾಗಿಸುವ ಜೀಪು ಓಡಿಸುತ್ತಿದ್ದ. ಓಟದ ಹುಚ್ಚು ಹಿಡಿದದ್ದೂ ಆ ಜೀಪಿನಿಂದಲೇ. ಒಮ್ಮೆ ಏರಿನ ನಡುವೆ ಜೀಪಿನ ಬೆಲ್ಟು ಕಿತ್ತುಹೋಗಿ, ಹಾನುಬಾಳಿಗೆ ಓಡಿಬಂದು, ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಓಡಿ ಏರು ಹತ್ತಿದನಂತೆ. ಜೀಪಿನಲ್ಲಿ ಕೂತಿದ್ದ ಹೆಂಗಸರು ‘ಜೀಪಿಗಿಂತ ಡ್ರೈವರೇ ಜೋರು ಕಣ್ರೀ’ ಎಂದು ನಕ್ಕರು. ಆ ನಗೆ ಅವನ ತಲೆಗೆ ಹತ್ತಿತು. ಮಾರನೆಯ ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಓಡತೊಡಗಿದ. ಮೂವತ್ತು ದಾಟಿದ ಮೇಲೆ ಶುರು ಮಾಡಿದ ಓಟ. ಊರವರು ಮೊದಲು ಆಡಿಕೊಂಡರು, ಆಮೇಲೆ ಸಕಲೇಶಪುರದ ಬೆಟ್ಟದ ಓಟದಲ್ಲಿ ಪದಕ ತಂದ ಮೇಲೆ ಅದೇ ಬಾಯಲ್ಲಿ ಹೊಗಳಿದರು.

ಅವನಿಗೆ ಓಟದ ಪಾಠ ಹೇಳಿದ್ದು ಕೃಷ್ಣಪ್ಪನೇ. ಇವನೇನೂ ದೊಡ್ಡ ಓಟಗಾರನಲ್ಲ. ಹೈಸ್ಕೂಲಿನಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿ ಎಂಟನೆಯವನಾಗಿ ಬಂದವನು. ಆದರೆ ಅಪ್ಪ ಹೇಳಿಕೊಟ್ಟ ಒಂದು ಕಟ್ಟಳೆ ಇತ್ತು. ಅಪ್ಪ ಏಲಕ್ಕಿ ಮೂಟೆ ಹೊತ್ತು ಗುಡ್ಡ ಹತ್ತಿಳಿದ ಮನುಷ್ಯ. ಆ ಕಾಲದ ಹೊರೆಯವರೆಲ್ಲ ಪಾಲಿಸುತ್ತಿದ್ದ ಮಾತು ಅದು: ‘ಮೈ ಬೆವರು ಆರೋ ತಂಕ ನೀರು ಮುಟ್ಬ್ಯಾಡ. ಮುಟ್ಟಿದ್ರೆ ಎದೆ ಹಿಡೀತದೆ.’ ಏರು ಹತ್ತಿದ ಮೇಲೆ ನೆತ್ತಿಯಲ್ಲಿ ನಿಲ್ಲಬೇಕು. ಕತ್ತಿನ ಹಿಂಭಾಗವನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ಒದ್ದೆಯಿದ್ದರೆ ಕಾಯಬೇಕು, ಆರಿದ್ದರೆ ಕುಡಿಯಬೇಕು. ನಮ್ಮ ಗುಡ್ಡಗಳ ಮೇಲೆ ಇದು ತಪ್ಪು ಮಾತೂ ಅಲ್ಲ. ನೆತ್ತಿಯ ಗಾಳಿಗೆ ಐದು ನಿಮಿಷದಲ್ಲಿ ಅಂಗಿ ಸಮೇತ ಆರುತ್ತದೆ. ಆ ಐದು ನಿಮಿಷದಲ್ಲಿ ಯಾರೂ ಸತ್ತಿಲ್ಲ.

ರವಿ ದಿನಾ ವನಗೂರು ದಾರಿಯ ಏರು ಮುಗಿಸಿ, ಸರಿಯಾಗಿ ಏಳೂವರೆಗೆ ಬಂಗಲೆ ಹಿಂದಿನ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದ. ಕೃಷ್ಣಪ್ಪ ಬೇಲಿಗೂಟದ ಮೇಲೆ ಸ್ಟೀಲಿನ ಚೊಂಬಿನಲ್ಲಿ ನೀರು ಇಟ್ಟಿರುತ್ತಿದ್ದ. ಅಣ್ಣ ಮಳೆ ಅಳೆಯುವುದು, ತಮ್ಮ ಬೆವರು ಅಳೆಯುವುದು. ಕತ್ತಿನ ಹಿಂದೆ ಕೈಯಿಟ್ಟು, ‘ಇನ್ನೂ ಇಲ್ಲ’ ಎಂಬಂತೆ ಕೈಯಾಡಿಸಿ, ಸ್ವಲ್ಪ ನಿಂತು, ಮತ್ತೆ ಮುಟ್ಟಿ, “ಆರ್ತು ಅಣ್ಣ” ಎಂದು ಚೊಂಬೆತ್ತಿ ಗಟಗಟ ಕುಡಿಯುವನು. ಇವರಿಬ್ಬರ ಈ ಆಟ ಏಳೆಂಟು ವರ್ಷ ನಡೆಯಿತು.

ಆಮೇಲೆ ಮಂಗಳೂರಿನ ಕಡಲ ಪಕ್ಕದ ಓಟ ಬಂತು. ನಲವತ್ತೆರಡು ಕಿಲೋಮೀಟರು. ಊರೊಳಗಿನ ಮೈದಾನದಿಂದ ಹೊರಟು, ಕೂಳೂರು ಸೇತುವೆ ದಾಟಿ, ಕಡಲಂಚಿನ ರಸ್ತೆ ಹಿಡಿದು ಅದೇ ದಾರಿಯಲ್ಲಿ ವಾಪಸು. ರವಿ ಅಷ್ಟು ದೂರ ಓಡಿರಲಿಲ್ಲ. ಆದರೂ ಅಣ್ಣ ಧೈರ್ಯ ಹೇಳಿದ.

“ಏರಿಲ್ಲ, ಇಳಿವಿಲ್ಲ, ರೊಟ್ಟಿ ತಟ್ಟಿದಂಗೈತೆ ರಸ್ತೆ. ನಮ್ ಗುಡ್ಡ ಹತ್ತಿದೋನಿಗೆ ಅದ್ಯಾವ ಲೆಕ್ಕ ಮಾರಾಯ! ಕಣ್ ಮುಚ್ಕಂಡ್ ಓಡಿ ಬಾ.”

ಇದು ಅವನ ಮೊದಲನೇ ತಪ್ಪು. ಗುಡ್ಡದ ದಾರಿ ಕಾಲನ್ನು ದುಡಿಸುತ್ತದೆ ನಿಜ, ಆದರೆ ಇಳಿಜಾರಿನಲ್ಲಿ ಬಿಟ್ಟುಕೊಡುತ್ತದೆ. ಸಮತಟ್ಟಾದ ದಾರಿ ಒಂದೇ ನರವನ್ನು ಒಂದೇ ಸಮನೆ ಎಳೆಯುತ್ತದೆ, ಎಲ್ಲೂ ಉಸಿರು ಬಿಡಲು ಕೊಡುವುದಿಲ್ಲ.

ಎರಡನೇ ತಪ್ಪು ಇನ್ನೂ ನಾಚಿಕೆಗೇಡಿನದು, ಯಾಕೆಂದರೆ ಅದು ಮಳೆ ಬರೆಯುವವನು ಮಾಡಿದ್ದು. ಆ ಬೆಳಗಿನ ಜಾವ ಮಂಗಳೂರಿನ ಆಕಾಶದ ತುಂಬ ಕಾಲವಲ್ಲದ ಕಾಲದ ಮೋಡ. ಕಡಲಲ್ಲಿ ಎಲ್ಲೋ ವಾಯುಭಾರ ಕುಸಿದಿತ್ತಂತೆ. ಕೃಷ್ಣಪ್ಪ ತಲೆಯೆತ್ತಿ ನೋಡಿ, ದೊಡ್ಡ ಪಂಡಿತನ ಹಾಗೆ ಹೇಳಿದ: “ಮೋಡ ಮುಚ್ಚೈತೆ, ಬಿಸಿಲೇ ಬರಾಕಿಲ್ಲ. ನಿನ್ ಅದೃಷ್ಟ ಕಣೋ ರವಿ.” ಹಾನುಬಾಳಿನಲ್ಲಿ ಮೋಡವೆಂದರೆ ತಂಪು. ಕರಾವಳಿಯಲ್ಲಿ ಅದು ಅನ್ನದ ಪಾತ್ರೆಗೆ ಹಾಕಿದ ಮುಚ್ಚಳ. ಒಳಗಿನ ಹಬೆ ಒಳಗೇ ಇರುತ್ತದೆ. ಮೈದಾನದ ಮರಗಳ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮೂರನೆಯದು ತಪ್ಪೋ ಮತ್ತೊಂದೋ, ಅದಕ್ಕೆ ಏನು ಹೆಸರಿಡಬೇಕೋ ಗೊತ್ತಿಲ್ಲ. ರವಿ ಓಟದ ಗುಂಪಿನೊಳಗೆ ಸೇರಿಕೊಳ್ಳುವಾಗ ಕೃಷ್ಣಪ್ಪ ಹಿಂದಿನಿಂದ ಕೂಗಿ ಹೇಳಿದ. “ದಾರೀಲಿ ಅಲ್ಲಲ್ಲಿ ನೀರು ಕೊಡ್ತಾರೆ, ಆಸೆ ಬೀಳ್ಬ್ಯಾಡ. ಬೆವರು ಆರಿದ್ಮ್ಯಾಲೇ ಕುಡಿ.” ರವಿ ತಿರುಗಿ ನಕ್ಕು, ಕತ್ತಿನ ಹಿಂದೆ ಕೈಯಿಟ್ಟು ತೋರಿಸಿದ. ಅಷ್ಟೇ, ಅಣ್ಣ ತಮ್ಮನ ಜೀವವಿದ್ದ ಮುಖ ನೋಡಿದ್ದು ಅದೇ ಕೊನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತು ಹೋಗಲಿಲ್ಲ. ರವಿಯ ಜೊತೆ ಮೂವತ್ತಮೂರು ಕಿಲೋಮೀಟರು ಓಡಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಅಳುತ್ತ ಕುಳಿತಿದ್ದಳು. ಕಡಲ ರಸ್ತೆಯಲ್ಲಿ ಓಟಗಾರರಿಗೆ ನೀರು ಕೊಡುವ ಮೇಜಿನಲ್ಲಿ ನಿಂತಿದ್ದವಳು. “ಹೋಗುವಾಗ ಒಮ್ಮೆ ಕೊಟ್ಟೆ ಸರ್, ಬರುವಾಗ ಹಿಂದೆಯೇ ಓಡಿ ಓಡಿ ಕೊಟ್ಟೆ. ಎರಡು ಸಲವೂ ಅವರು ಹೀಗೆ ಕತ್ತು ಮುಟ್ಟಿ ನೋಡಿ ‘ಬೇಡ’ ಅಂತ ಕೈ ಮಾಡಿದ್ರು ಸರ್. ಕತ್ತು ನೋವು ಉಂಟೇನೋ ಅಂತ ನಾನು ಎಣಿಸಿದ್ದು. ಆಮೇಲೆ ಅಲ್ಲಿಯೇ ಬಿದ್ರು.” ಆ ಕೈಸನ್ನೆಯ ಅರ್ಥ ತಿಳಿದ ಮನುಷ್ಯ ಇಡೀ ಮಂಗಳೂರಿನಲ್ಲಿ ಒಬ್ಬನೇ ಇದ್ದ. ಅವನು ಹುಡುಗಿಯ ಮುಂದೆಯೇ ನಿಂತಿದ್ದ.

ಕರಾವಳಿಯಲ್ಲಿ ಬೆವರು ಆರುವುದಿಲ್ಲ. ಗಾಳಿಯೇ ಒದ್ದೆಯಿರುವಾಗ ಮೈ ಎಲ್ಲಿಂದ ಆರಬೇಕು? ರವಿ ಕಾದ, ಅಣ್ಣ ಹೇಳಿದನಲ್ಲ ಎಂದು ಕಾದ. ಡಾಕ್ಟರು ಹೊರಗೆ ಬಂದು, ಮೈಯ ಕಾವು ವಿಪರೀತ ಏರಿತ್ತು, ಮೈಯೊಳಗೆ ನೀರೇ ಇರಲಿಲ್ಲ, ದಾರಿಯಲ್ಲಿ ಇವರು ಏನೂ ಕುಡಿದಿರಲಿಲ್ಲವೇ ಎಂದು ಕೇಳಿದರು. “ಗೊತ್ತಿಲ್ಲ ಸಾರ್” ಎಂದ ಕೃಷ್ಣಪ್ಪ.

ಮೊದಲ ಸುಳ್ಳು ಅದು. ಎರಡನೆಯದನ್ನು ಹಾನುಬಾಳಿಗೆ ಬಂದು ರವಿಯ ಹೆಂಡತಿ ಸುಲೋಚನಳಿಗೆ ಹೇಳಿದ. “ಹಾರ್ಟು ನಿಂತೋಯ್ತು ಕಣವ್ವ.” ಎಲ್ಲರೂ ನಂಬಿದರು. ಎಲ್ಲ ಸಾವಿನಲ್ಲೂ ಕೊನೆಗೆ ನಿಲ್ಲುವುದು ಹೃದಯವೇ ತಾನೆ, ತಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದು ಕೃಷ್ಣಪ್ಪ ತನಗೆ ತಾನೇ ಹೇಳಿಕೊಂಡ. ಮನುಷ್ಯ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಎಂಥ ಲಾಯರಾಗುತ್ತಾನೆ ನೋಡಿ.

ಮಣ್ಣು ಮಾಡುವ ಹೊತ್ತಿಗೆ ರವಿಯ ಅತ್ತೆ ಸರೋಜಮ್ಮ ಎದೆ ಬಡಿದುಕೊಂಡು ಅತ್ತದ್ದು ಒಂದೇ ಮಾತಿಗೆ: “ಅಯ್ಯೋ, ಬಾಯಿಗೆ ಒಂದು ಹನಿ ನೀರು ಬಿಡೋರೂ ಇರ್ನಿಲ್ವಲ್ಲಪ್ಪ!” ಸಾಯುವವರ ಬಾಯಿಗೆ ನೀರು ಬಿಡಬೇಕು, ಇಲ್ಲದಿದ್ದರೆ ಅವರು ಬಾಯಾರಿಕೊಂಡೇ ಅಲೆಯುತ್ತಾರೆ ಎಂದು ನಮ್ಮಲ್ಲಿ ನಂಬಿಕೆ. ಮುದುಕಿ ಹೊಟ್ಟೆ ಉರಿದು ಅಂದ ಮಾತು. ಅದು ಹೋಗಿ ನೆಟ್ಟಿದ್ದು ಕೃಷ್ಣಪ್ಪನ ಎದೆಯಲ್ಲಿ.

ಮಾರನೆಯ ವಾರ ಅವನು ಎಂದಿನಂತೆ ಏಳೂವರೆಗೆ ಬಂಗಲೆ ಹಿಂದಿನ ಬಯಲಿಗೆ ಹೋದ. ಮಂಜು ಕವಿದು ಬೇಲಿಯೇ ಕಾಣುತ್ತಿರಲಿಲ್ಲ. ಡಬ್ಬದ ಮುಚ್ಚಳ ತೆಗೆಯಲು ಬಗ್ಗಿದಾಗ ಏರಿನ ಕಡೆಯಿಂದ ಓಡಿಬರುವ ಸದ್ದು ಕೇಳಿಸಿತು. ಬೂಟಿನ ಸದ್ದು, ಪರಿಚಯದ್ದು. ಎಡಗಾಲು ಸ್ವಲ್ಪ ಜೋರು, ಬಲಗಾಲು ಮೆತ್ತಗೆ. ಬೇಲಿಯವರೆಗೆ ಬಂದು ನಿಂತಿತು. ಏದುಸಿರು ಕೇಳಿಸಿತು. ಕೃಷ್ಣಪ್ಪ ಬಗ್ಗಿದವನು ಬಗ್ಗಿಯೇ ಇದ್ದ. ತಲೆಯೆತ್ತಲು ಧೈರ್ಯ ಬರಲಿಲ್ಲ. ಹಾಜರಿ ಗಂಟೆ ಹೊಡೆದ ಮೇಲೆ ನೋಡಿದರೆ ಮಂಜು ಸರಿದಿತ್ತು. ಬೇಲಿಯ ಹತ್ತಿರ ಯಾರೂ ಇರಲಿಲ್ಲ, ಹುಲ್ಲೂ ತುಳಿದಿರಲಿಲ್ಲ. ಡಬ್ಬದಲ್ಲಿ ಮಾತ್ರ, ಮಳೆಯಿಲ್ಲದ ಆ ದಿನ, ಎರಡು ಸೆಂಟು ನೀರಿತ್ತು. ಮಂಜು ಹನಿದು ತುಂಬಿರಬಹುದು, ಅಂಥದು ಆಗುವುದುಂಟು. ಕೃಷ್ಣಪ್ಪನಿಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಆದರೂ ಆ ನೀರನ್ನು ಪುಸ್ತಕಕ್ಕೆ ಬರೆಯಲು ಕೈ ಬರಲಿಲ್ಲ, ಸೊನ್ನೆ ಬರೆದ.

ಅಲ್ಲಿಂದ ಮುಂದೆ ಮಂಜಿನ ದಿನಗಳಲ್ಲೆಲ್ಲ ಆ ಸದ್ದು ಬಂತು. ಕೃಷ್ಣಪ್ಪ ಮತ್ತೆ ಚೊಂಬಿನಲ್ಲಿ ನೀರು ತುಂಬಿ ಬೇಲಿಗೂಟದ ಮೇಲೆ ಇಡತೊಡಗಿದ. ಸಂಜೆ ಹೋಗಿ ನೋಡಿದರೆ ಚೊಂಬು ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ಬಂದವನು ಕುಡಿಯುತ್ತಿರಲಿಲ್ಲ.

ಇನ್ನೊಂದು ಗುಟ್ಟೂ ಇತ್ತು. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ರವಿಯ ಓಟದ ಬನಿಯನ್ ಇತ್ತು. ಅದನ್ನು ಸುಲೋಚನಳಿಗೆ ಕೊಟ್ಟಿರಲಿಲ್ಲ. ಬನಿಯನ್ನಿನ ಮೇಲೆ ಬೆವರಿನ ಉಪ್ಪು ಬಿಳಿ ಬಿಳಿ ಗೆರೆಯಾಗಿ ಕೂತಿತ್ತು. ನೋಡಿದವರಿಗೆ ಎಲ್ಲ ತಿಳಿದುಬಿಡುತ್ತದೆ ಎಂಬ ಭಯಕ್ಕೆ ಎಸ್ಟೇಟಿನ ಸ್ಟೋರಿನಲ್ಲಿ ಗೋಣಿಚೀಲಗಳ ಹಿಂದೆ ಬಚ್ಚಿಟ್ಟಿದ್ದ. ಆಗಾಗ ಹೋಗಿ ಮುಟ್ಟಿ ನೋಡುತ್ತಿದ್ದ. ಮುಟ್ಟಿದಾಗಲೆಲ್ಲ ಒದ್ದೆ. ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ ಎಂಬುದು ಅಡುಗೆಮನೆಯ ಭರಣಿ ನೋಡಿದ ಯಾರಿಗಾದರೂ ಗೊತ್ತು. ಆದರೆ ಗೊತ್ತಿರುವುದೇ ಬೇರೆ, ಕತ್ತಲು ಮೂಲೆಯಲ್ಲಿ ಸತ್ತ ತಮ್ಮನ ಬೆವರು ಇನ್ನೂ ಆರಿಲ್ಲವೆಂದು ಬೆರಳಿಗೆ ತಾಗುವುದೇ ಬೇರೆ.

ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕವನ ಹಾಗೆ ಹೀಗೇ ನಾಲ್ಕು ವರ್ಷ ತಳ್ಳಿದ. ಸುಲೋಚನ ಹೊಲಿಗೆ ಮಿಷನ್ನು ತುಳಿದು ಮನೆ ನಡೆಸಿದಳು. ಮಗಳು ದೀಪಶ್ರೀಗೂ ಅಪ್ಪನ ಹಾಗೆ ಹಾರ್ಟಿನ ಕಾಯಿಲೆ ಇದ್ದರೆ ಗತಿಯೇನೆಂದು ಹೆದರಿ ಹಾಸನಕ್ಕೆ ಕರೆದೊಯ್ದು ಎರಡು ಸಲ ತೋರಿಸಿದಳು. ಏನೂ ಇಲ್ಲ ಎಂದರೂ ಅವಳಿಗೆ ನಂಬಿಕೆಯಿಲ್ಲ. ಮಗಳು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಎದೆಯ ಮೇಲೆ ಕೈಯಿಟ್ಟು ನೋಡುವಳು. ಅದನ್ನು ಕಂಡಾಗಲೆಲ್ಲ ಕೃಷ್ಣಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಆದರೆ ಹೇಳಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಆ ಮನೆಯಲ್ಲಿ ಊಟ, ‘ಬನ್ನಿ ಭಾವ’ ಎಂಬ ಮರ್ಯಾದೆ, ‘ದೊಡ್ಡಪ್ಪ’ ಎನ್ನುವ ಹುಡುಗಿಯ ಸಲಿಗೆ, ಇಷ್ಟನ್ನೂ ಕಳೆದುಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆ.

ದೀಪಶ್ರೀಗೆ ಈಗ ಇಪ್ಪತ್ತೊಂದು. ಸಕಲೇಶಪುರದ ಒಂದು ಕಾಫಿ ವ್ಯಾಪಾರದವರ ಆಫೀಸಿನಲ್ಲಿ ಬಿಲ್ಲು ಬರೆಯುತ್ತಾಳೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಓಡಿದವಳು. ತಾಯಿಗೆ ಗೊತ್ತಾಗದ ಹಾಗೆ ಒಂದು ವರ್ಷದಿಂದ ಮತ್ತೆ ಓಡುತ್ತಿದ್ದಳು. ಗೊತ್ತಾದ ಮೇಲೆ ರಂಪವಾಯಿತು, ಅಳು ಆಯಿತು, ಮಾತು ಬಿಟ್ಟದ್ದೂ ಆಯಿತು. ಕೊನೆಗೆ ಸೋತದ್ದು ತಾಯಿಯೇ. ಡಿಸೆಂಬರಿನ ಮೊದಲ ಭಾನುವಾರ ಕೃಷ್ಣಪ್ಪ ಊಟಕ್ಕೆ ಹೋದಾಗ, ದೀಪಶ್ರೀ ಆಗತಾನೆ ಓಡಿ ಬಂದು ಜಗಲಿಯಲ್ಲಿ ನಿಂತಿದ್ದಳು.

“ದೊಡ್ಡಪ್ಪ, ಬರೋ ಭಾನುವಾರ ಮಂಗ್ಳೂರಿಗೆ ಹೋಗ್ತಾ ಇದೀನಿ. ಅಪ್ಪ ಮುಗಿಸ್ದೇ ಬಿಟ್ಟಿದ್ನ ಮುಗಿಸ್ಕಂಡು ಬರ್ತೀನಿ. ಅವ್ವನೂ ಬರ್ತೀನಿ ಅಂದೈತೆ.”

ಸುಲೋಚನ ಒಳಗಿನಿಂದ ನೀರಿನ ಲೋಟ ತಂದು ಚಾಚಿದಳು. ದೀಪಶ್ರೀ ಬಲಗೈಯನ್ನು ಕತ್ತಿನ ಹಿಂದಕ್ಕೆ ಒಯ್ದು, ಅಂಗೈಯಿಂದ ಮುಟ್ಟಿ ನೋಡಿ, ‘ಇನ್ನೂ ಇಲ್ಲ’ ಎಂದು ಕೈಯಾಡಿಸಿದಳು.

ಅದೇ ಕೈ, ಅದೇ ತಿರುವು. ಕೃಷ್ಣಪ್ಪ ಜಗಲಿಯ ಕಂಬ ಹಿಡಿದುಕೊಂಡು ಕೂತ.

“ದೀಪ, ಅಲ್ಲಿ ಹಂಗ್ ಮಾಡ್ಬ್ಯಾಡ ಕಣವ್ವ. ಕೊಟ್ಟ ಕಡೆ ಎಲ್ಲ ನೀರು ಕುಡಿ.”

“ಹೋಗಿ ದೊಡ್ಡಪ್ಪ, ಎದೆ ಹಿಡ್ಕಂಬುಡ್ತದೆ. ಮೊಬೈಲಲ್ಲೂ ಹಿಂಗೇ ಕುಡೀರಿ ಕುಡೀರಿ ಅಂತ ನೂರು ಜನ ಹೇಳ್ತಾರೆ. ನಂಗೆ ಅಪ್ಪ ಹೇಳ್ಕೊಟ್ಟಿದ್ದೇ ಸಾಕು. ಅವತ್ತು ಹಾರ್ಟು ಕೈ ಕೊಡ್ದಿದ್ರೆ ಅಪ್ಪ ಫಸ್ಟ್ ಬರ್ತಿರ್ನಿಲ್ವಾ?” ಎಂದು ನಕ್ಕಳು. ಆಮೇಲೆ, “ಅಷ್ಟಕ್ಕೂ ಅಪ್ಪಂಗೆ ಹೇಳ್ಕೊಟ್ಟೋರು ನೀವೇ ಅಲ್ವಾ?” ಎಂದಳು.

ಬುದ್ಧಿ ಹೇಳಿ ತಪ್ಪಿಸಿಕೊಳ್ಳುವ ಬಾಗಿಲು ಅಲ್ಲಿಗೆ ಮುಚ್ಚಿತು. ಸತ್ತ ಅಪ್ಪನ ಮಾತನ್ನು ದೀಪಶ್ರೀ ಯಾರ ಬುದ್ಧಿವಾದಕ್ಕೂ ಬಿಟ್ಟುಕೊಡುವವಳಲ್ಲ. ನಿಜ ಹೇಳಿದರೆ ಮಾತ್ರ ಬಿಟ್ಟಾಳು. ಸುಮ್ಮನಿದ್ದರೆ ಬರುವ ಭಾನುವಾರ ಅದೇ ರಸ್ತೆಯಲ್ಲಿ ಇವಳೂ ಬೆವರು ಆರಲಿ ಎಂದು ಕಾಯುತ್ತಾಳೆ.

ಕೃಷ್ಣಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮುಕ್ಕಾಲು ಗಂಟೆಯ ಮೇಲೆ ವಾಪಸು ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರಿತ್ತು. ಬನಿಯನ್ ತೆಗೆದು ಸುಲೋಚನಳ ಹೊಲಿಗೆ ಮಿಷನ್ನಿನ ಮೇಲೆ ಹರವಿದ. ಸುಲೋಚನ ಗಂಡನ ಬಟ್ಟೆಯನ್ನು ಗುರುತಿಸಿ ಎರಡೂ ಕೈಯಲ್ಲಿ ಹಿಡಿದಳು.

“ಹಾರ್ಟಲ್ಲ ಸುಲೋಚನ. ನೀರಿಲ್ದೆ ಹೋದ. ನಾನೇ ಕುಡೀಬ್ಯಾಡ ಅಂದಿದ್ದೆ.”

ಒಂದನ್ನೂ ಬಿಡದೆ ಹೇಳಿದ. ಮೋಡ ನೋಡಿ ಅದೃಷ್ಟ ಎಂದದ್ದು, ಗುಂಪಿನ ಹಿಂದಿನಿಂದ ಕೂಗಿದ್ದು, ನೀರು ಕೊಟ್ಟ ಹುಡುಗಿಯ ಮಾತು, ಡಾಕ್ಟರಿಗೆ ಹೇಳಿದ ಸುಳ್ಳು. ಬೇಲಿಯ ಹತ್ತಿರ ಬಂದು ನಿಲ್ಲುವ ಸದ್ದನ್ನೂ ಹೇಳಿದ. ಹೇಳುವಾಗ ಅಳು ಬರಲಿಲ್ಲ, ಹಾಜರಿ ಓದುವವನ ಹಾಗೆ ಓದಿದ. ನಾಲ್ಕು ವರ್ಷದಲ್ಲಿ ಎಷ್ಟು ಸಲ ಮನಸ್ಸಿನೊಳಗೆ ಓದಿಕೊಂಡಿದ್ದನೋ.

ಸುಲೋಚನ ಬನಿಯನ್ನಿನ ಉಪ್ಪಿನ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು. ಬೈದರೆ, ಕೂಗಾಡಿದರೆ, ಹೊಡೆದರೆ ತಡೆದುಕೊಳ್ಳಲು ಕೃಷ್ಣಪ್ಪ ಸಿದ್ಧನಾಗಿ ನಿಂತಿದ್ದ. ಅವಳು ಕೇಳಿದ್ದು ಒಂದೇ.

“ತುಂಬ ಬಾಯಾರಿತ್ತಾ ಭಾವ ಅವ್ರಿಗೆ?”

ಇದಕ್ಕೆ ಅವನು ಸಿದ್ಧನಾಗಿರಲಿಲ್ಲ.

ಸುಲೋಚನ ಎದ್ದಳು. ಅವನಿಗೆಂದು ಹಾಕಿದ್ದ ಎಲೆಯ ಪಕ್ಕದ ನೀರಿನ ಲೋಟವನ್ನು ತೆಗೆದುಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿ ಬಂದಳು. “ಇನ್ಮೇಲೆ ಈ ಮನೇಲಿ ನೀರು ಮುಟ್ಬ್ಯಾಡಿ” ಎಂದಳು. ದೀಪಶ್ರೀ ಜಗಲಿಯ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಕೃಷ್ಣಪ್ಪ ಅವಳನ್ನು ದಾಟಿ ಹೋಗುವಾಗಲೂ ತಲೆಯೆತ್ತಲಿಲ್ಲ. ಅವಳು ಏನು ಮಾಡುತ್ತಾಳೆ, ಹೇಳಿದ್ದು ಅವಳೊಳಗೆ ಇಳಿಯಿತೋ ಇಲ್ಲ ದೊಡ್ಡಪ್ಪನ ಮೇಲಿನ ಸಿಟ್ಟಿಗೆ ಅಪ್ಪನ ಮಾತನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾಳೋ ತಿಳಿಯಲಿಲ್ಲ. ಆ ವಾರವಿಡೀ ಅವನು ಫೋನ್ ಮಾಡಿದರೆ ಅವಳು ಎತ್ತಲಿಲ್ಲ.

ಶನಿವಾರ ಕೃಷ್ಣಪ್ಪ ಆನೇಮಹಲಿನ ಹತ್ತಿರ ರಸ್ತೆಯಲ್ಲಿ ನಿಂತು ಮಂಗಳೂರು ಬಸ್ಸು ಹತ್ತಿದ. ಕಾಫಿ ಕುಯ್ಲಿನ ಕಾಲ, ರೈಟರಿಗೆ ರಜೆ ಯಾರು ಕೊಡುತ್ತಾರೆ? ಕೇಳದೇ ಹೊರಟಿದ್ದ. ಮಳೆ ಅಳೆಯಲು ಬೇರೆ ಯಾರಿಗೂ ಹೇಳಿರಲಿಲ್ಲ. ಚೀಲದಲ್ಲಿ ಬೇಲಿಗೂಟದ ಚೊಂಬು, ಒಂದು ಕ್ಯಾನಿನಲ್ಲಿ ಎಸ್ಟೇಟಿನ ಒರತೆಯ ನೀರು.

ಬೆಳಗಾಗುವ ಹೊತ್ತಿಗೆ ಕಡಲ ರಸ್ತೆಯಲ್ಲಿ ನಿಂತಿದ್ದ. ರವಿ ಬಿದ್ದ ಜಾಗ ಅವನಿಗೆ ಗೊತ್ತಿತ್ತು. ಮೂವತ್ತಮೂರನೇ ಕಿಲೋಮೀಟರಿನ ಹಲಗೆಗೆ ಸ್ವಲ್ಪ ಈಚೆ, ಗಾಳಿಮರಗಳ ಸಾಲಿನ ಎದುರು. ಈ ಸಲ ಮೋಡವಿರಲಿಲ್ಲ. ಎಂಟು ಗಂಟೆಗೆಲ್ಲ ಬಿಸಿಲು ಚುರುಗುಟ್ಟಿತು. ಗಾಳಿ ಮಾತ್ರ ಅದೇ ಗಾಳಿ, ಮೈಗೆ ಅಂಟಿಕೊಳ್ಳುವಂಥದು. ಸುಮ್ಮನೆ ನಿಂತಿದ್ದ ಕೃಷ್ಣಪ್ಪನ ಅಂಗಿಯೇ ಒದ್ದೆಯಾಗಿ ಬೆನ್ನಿಗೆ ಹತ್ತಿತ್ತು. ಅವನು ಹಿಂದಿನ ಸಂಜೆಯಿಂದ ಏನೂ ಕುಡಿದಿರಲಿಲ್ಲ. ಕುಡಿಯಬಾರದೆಂದಲ್ಲ, ಚೊಂಬನ್ನು ಬಾಯಿಗೆ ಒಯ್ಯಲು ಆಗಲಿಲ್ಲ.

ಮುಂದಿನವರು ಬಂದರು, ಹೋದರು. ಆಮೇಲೆ ಗುಂಪು ಗುಂಪಾಗಿ ಬಂದವರು ಕಾಲೆಳೆಯುತ್ತಿದ್ದರು. ಒಬ್ಬ ರಸ್ತೆಬದಿ ಕೂತು ವಾಂತಿ ಮಾಡಿದ. ದೀಪಶ್ರೀ ಕಂಡದ್ದು ಒಂಬತ್ತು ದಾಟಿದ ಮೇಲೆ. ದೂರದಿಂದಲೇ ಅವಳ ಓಟ ಗೊತ್ತಾಯಿತು. ಎಡಗಾಲು ಜೋರು, ಬಲಗಾಲು ಮೆತ್ತಗೆ.

ಹತ್ತಿರ ಬಂದಳು. ಮುಖ ಕೆಂಡವಾಗಿತ್ತು, ತುಟಿ ಬೆಳ್ಳಗಾಗಿತ್ತು. ಕೃಷ್ಣಪ್ಪ ಎರಡೂ ಕೈಯಲ್ಲಿ ಚೊಂಬು ಹಿಡಿದು ರಸ್ತೆಗೆ ಇಳಿದ. ಅವಳು ಅವನನ್ನು ನೋಡಿದಳು. ಓಟ ನಿಂತಿತು. ಬಲಗೈ ಮೇಲೆದ್ದು ಕತ್ತಿನ ಹಿಂದಕ್ಕೆ ಹೋಯಿತು.

ಕೃಷ್ಣಪ್ಪ ಚೊಂಬನ್ನು ಇನ್ನೂ ಮುಂದಕ್ಕೆ ಚಾಚಿದ.

ಅವಳು ಅಂಗೈಯನ್ನು ಮುಂದೆ ತಂದು ನೋಡಿಕೊಂಡಳು. ನೀರು ಸುರಿಯುತ್ತಿತ್ತು. ಒಂದು ಗಳಿಗೆ ಹಾಗೇ ನೋಡಿ, ಆ ಒದ್ದೆ ಕೈಯಲ್ಲೇ ಚೊಂಬು ಇಸಿದುಕೊಂಡು ಕುಡಿದಳು. ಗಂಟಲು ಏರಿ ಇಳಿಯುವುದನ್ನು ಕೃಷ್ಣಪ್ಪ ಕಣ್ಣು ಮಿಟುಕಿಸದೆ ನೋಡಿದ. ಚೊಂಬು ಅರ್ಧವಾದಾಗ ಬಾಯಿಂದ ತೆಗೆದಳು.

“ಎಲ್ಲಾ ಕಡೆ ಕುಡ್ಕಂಡೇ ಬಂದೆ” ಎಂದಳು. ದನಿಯಲ್ಲಿ ಸಿಟ್ಟಿತ್ತು. ಆಮೇಲೆ ಚೊಂಬನ್ನು ಅವನ ಕೈಗೆ ಕೊಟ್ಟು, “ಉಳಿದಿದ್ದು ಅಪ್ಪಂಗೆ ಇಡಿ” ಎಂದು ಹೇಳಿ ಓಡಿಹೋದಳು.

ಕೃಷ್ಣಪ್ಪ ಅವಳ ಬೆನ್ನು ಸೇತುವೆಯ ಕಡೆಗೆ ಸಣ್ಣದಾಗುವುದನ್ನು ನೋಡುತ್ತ ನಿಂತ. ಓಟ ಮುಗಿಯುವಲ್ಲಿ ಸುಲೋಚನ ಕಾಯುತ್ತಿರುತ್ತಾಳೆ. ಅಲ್ಲಿಗೆ ಹೋಗುವ ಮುಖ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ರಸ್ತೆ ಸ್ವಲ್ಪ ಹೊತ್ತು ಖಾಲಿಯಾಯಿತು.

ಆಗ ಹಿಂದಿನಿಂದ ಸದ್ದು ಬಂತು. ಎಡಗಾಲು ಜೋರು, ಬಲಗಾಲು ಮೆತ್ತಗೆ. ಇಲ್ಲಿ ಮಂಜಿರಲಿಲ್ಲ, ಹಾಡುಹಗಲು, ಕಣ್ಣು ಕುಕ್ಕುವ ಬಿಸಿಲು. ಸದ್ದು ಅವನ ಹತ್ತಿರಕ್ಕೆ ಬಂದು ನಿಂತಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಕೃಷ್ಣಪ್ಪ ತಿರುಗಿ ನೋಡಿದ. ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ ಕಾಣದ ಆ ಕೈ ಕತ್ತಿನ ಹಿಂದಕ್ಕೆ ಹೋದದ್ದೂ, ‘ಇನ್ನೂ ಇಲ್ಲ ಅಣ್ಣ’ ಎಂದು ಆಡಿದ್ದೂ ಅವನಿಗೆ ತಿಳಿಯಿತು. ಬೇಲಿಗೂಟದ ಚೊಂಬು ಇಷ್ಟು ದಿನ ಯಾಕೆ ತುಂಬಿಯೇ ಇರುತ್ತಿತ್ತು ಎಂಬುದೂ ತಿಳಿಯಿತು. ಸತ್ತ ಮೇಲೂ ತಮ್ಮ ಅಣ್ಣನ ಮಾತು ಮೀರಿರಲಿಲ್ಲ.

“ಕುಡಿಯೋ ರವಿ” ಎಂದ ಕೃಷ್ಣಪ್ಪ. ಈಗ ಅಳು ಬಂತು. “ಆರಾಕಿಲ್ಲ ಕಣೋ ಇಲ್ಲಿ. ಎಷ್ಟು ಕಾದ್ರೂ ಆರಾಕಿಲ್ಲ. ನಾನ್ ಹೇಳಿದ್ದು ತಪ್ಪು ಕಣೋ. ಒದ್ದೆ ಮೈಯಲ್ಲೇ ಕುಡಿ.”

ಬಗ್ಗಿ, ಹಾಸಿಗೆ ಹಿಡಿದವರ ಬಾಯಿಗೆ ಬಿಡುವಷ್ಟು ಸಣ್ಣಗೆ, ಚೊಂಬಿನ ನೀರನ್ನು ಆ ಜಾಗದಲ್ಲಿ ಬಿಟ್ಟ. ಒಂದೇ ಸಲ ಸುರಿಯಲಿಲ್ಲ, ಗುಟುಕು ಗುಟುಕಾಗಿ ಬಿಟ್ಟ. ಒರತೆಯ ತಣ್ಣನೆ ನೀರು ಕಾದ ಡಾಂಬರಿನ ಮೇಲೆ ಕಪ್ಪಗೆ ಹರಡಿ, ಅಂಚಿನಿಂದ ಮೆಲ್ಲಗೆ ಕಿರಿದಾಗತೊಡಗಿತು.

ಅದು ಪೂರ್ತಿ ಆರುವ ತನಕ ಕೃಷ್ಣಪ್ಪ ಅಲ್ಲೇ ನಿಂತಿದ್ದ.